589 ಬರಬೇಕಾದಲ್ಲಿ 442 ಬಂದರೆ: ಬೆಳಕಿನ ಅಳತೆಯಲ್ಲಿ ತಪ್ಪಿನ ಜಾಡು ಹಿಡಿಯುವುದು

ಸೋಡಿಯಂ ದೀಪದ ಹಳದಿ ಬೆಳಕಿನ ತರಂಗದೂರ 589.3 ನ್ಯಾನೊಮೀಟರ್. 589.0 ಮತ್ತು 589.6ರಲ್ಲಿರುವ ಎರಡು ಗೆರೆಗಳ ಸರಾಸರಿ ಅದು. ಕಾರವಾರದ ಕಡಲಂಚಿನಲ್ಲಿ ಅಳೆದರೂ ಅಷ್ಟೇ, ಘಟ್ಟ ಹತ್ತಿ ಶಿರಸಿಯಲ್ಲಿ ಅಳೆದರೂ ಅಷ್ಟೇ. ಮೇಲೆ ಗಾಳಿ ತುಸು ತೆಳುವಾಗುವುದರಿಂದ ಬರುವ ವ್ಯತ್ಯಾಸ ಒಂದು ನ್ಯಾನೊಮೀಟರಿನ ನೂರನೇ ಒಂದು ಪಾಲಿನಷ್ಟು, ಕಾಲೇಜಿನ ಉಪಕರಣಕ್ಕೆ ಅದು ಕಾಣದು. ಹಾಗಾಗಿ ಉತ್ತರ 560 ಎಂದೋ 305 ಎಂದೋ ಬಂದರೆ ತಪ್ಪು ಮೇಜಿನ ಮೇಲೆಯೇ ಇದೆ. ರೀಡಿಂಗ್ ತಿದ್ದಿ ಉತ್ತರಕ್ಕೆ ಹೊಂದಿಸಬೇಡಿ. ತಿದ್ದಿದ ಕ್ಷಣವೇ ತಪ್ಪಿನ ಜಾಡು ಅಳಿಸಿಹೋಗುತ್ತದೆ.

ಉಪಕರಣ ಮುಟ್ಟುವ ಮೊದಲು ಒಂದು ಭಾಗಾಕಾರ ಮಾಡಿ: ಬಂದ ಉತ್ತರವನ್ನು ಬರಬೇಕಾದ ಉತ್ತರದಿಂದ ಭಾಗಿಸಿ. ದೊಡ್ಡ ತಪ್ಪುಗಳಿಗೆ ತಮ್ಮದೇ ಗುರುತಿನ ಸಂಖ್ಯೆ ಇರುತ್ತದೆ. ನ್ಯೂಟನ್ ಉಂಗುರಗಳಲ್ಲಿ (ಗಾಜಿನ ತಟ್ಟೆಯ ಮೇಲೆ ಉಬ್ಬು ಲೆನ್ಸ್ ಇಟ್ಟಾಗ ಕಾಣುವ ಉಂಗುರಗಳ ವ್ಯಾಸದಿಂದ ತರಂಗದೂರ ಅಳೆಯುವ ಪ್ರಯೋಗ) ನಾಲ್ಕು ಪಟ್ಟು ಅಥವಾ ಕಾಲು ಪಾಲು ಬಂದರೆ ವ್ಯಾಸ, ತ್ರಿಜ್ಯಗಳು ಅದಲುಬದಲಾಗಿವೆ. ಸುಮಾರು ಅರ್ಧ, ಅಂದರೆ 305ರ ಆಸುಪಾಸು ಬಂದರೆ ಲೆನ್ಸಿನ ಫೋಕಲ್ ದೂರವನ್ನೇ ವಕ್ರತಾ ತ್ರಿಜ್ಯವೆಂದು (ಲೆನ್ಸಿನ ಉಬ್ಬು ಯಾವ ಗೋಳದ ಭಾಗವೋ ಅದರ ತ್ರಿಜ್ಯ) ಬಳಸಿದ್ದೀರಿ. ಒಂದು ಬದಿ ಚಪ್ಪಟೆಯಾದ, 100 ಸೆಂ.ಮೀ. ಫೋಕಲ್ ದೂರದ ಕ್ರೌನ್ ಗಾಜಿನ ಲೆನ್ಸಿಗೆ, ವಕ್ರೀಭವನ ಸೂಚ್ಯಂಕ 1.517 ಆದರೆ, ತ್ರಿಜ್ಯ 51.7 ಸೆಂ.ಮೀ. ಮಾತ್ರ. ಗ್ರೇಟಿಂಗ್ (ಒತ್ತೊತ್ತಾಗಿ ಗೆರೆ ಎಳೆದ, ಬೆಳಕನ್ನು ಬಣ್ಣಕ್ಕೆ ತಕ್ಕ ಕೋನಕ್ಕೆ ತಿರುಗಿಸುವ ಫಲಕ) ಪ್ರಯೋಗದಲ್ಲಿ 232 ಬಂದರೆ ಇಂಚಿಗೆ 15,000 ಗೆರೆ ಎಂಬುದನ್ನು ಸೆಂಟಿಮೀಟರಿಗೆ ಎಂದು ಓದಿದ್ದೀರಿ, 2.54ರಿಂದ ಗುಣಿಸಿದರೆ ಸರಿಹೋಗುತ್ತದೆ.

ಇನ್ನು 442. ಇದು ಮಳೆಗಾಲದ ತಪ್ಪು. ಲೆನ್ಸ್ ಮತ್ತು ಗಾಜಿನ ತಟ್ಟೆಯ ನಡುವೆ ಗಾಳಿಯ ಬದಲು ನೀರು ನಿಂತಿದ್ದರೆ ಉಂಗುರಗಳು ಕುಗ್ಗುತ್ತವೆ, ತರಂಗದೂರ ನೀರಿನ ವಕ್ರೀಭವನ ಸೂಚ್ಯಂಕ 1.333ರಿಂದ ಭಾಗಿಸಿದಷ್ಟು ಬರುತ್ತದೆ. ಲೆನ್ಸಿಗೆ ಬಾಯಿಂದ ಊದಿ ಒರೆಸಿದಾಗ, ನೀರು ಬೆರೆತ ಸ್ಪಿರಿಟ್‌ನಿಂದ ತೊಳೆದು ಒಣಗುವ ಮೊದಲೇ ಜೋಡಿಸಿದಾಗ, ತಂಪು ಕೋಣೆಯಿಂದ ತೆಗೆದ ಗಾಜಿನ ಮೇಲೆ ಕರಾವಳಿಯ ಹಸಿಗಾಳಿ ಬೆವರಿದಾಗ ಹೀಗಾಗುತ್ತದೆ. ನೀರು ಸಾಮಾನ್ಯವಾಗಿ ನಡುವಿನಲ್ಲಷ್ಟೇ ಹಿಡಿದು ನಿಲ್ಲುವುದರಿಂದ ಉಂಗುರದ ಸಂಖ್ಯೆಗೆ ಎದುರಾಗಿ ವ್ಯಾಸದ ವರ್ಗ ಬರೆದ ಗ್ರಾಫಿನಲ್ಲಿ ಒಳಗಿನ ಉಂಗುರಗಳು ಒಂದು ಇಳಿಜಾರನ್ನೂ ಹೊರಗಿನವು ಇನ್ನೊಂದನ್ನೂ ಕೊಡುತ್ತವೆ. ಎರಡರ ಅನುಪಾತ 3ಕ್ಕೆ 4ರ ಹತ್ತಿರವಿದ್ದರೆ ಅನುಮಾನ ಬೇಡ. ಎರಡೂ ಗಾಜುಗಳನ್ನು ಬಿಡಿಸಿ, 40 ವ್ಯಾಟ್ ಬಲ್ಬ್ ಉರಿಯುವ ಕಪಾಟಿನಲ್ಲಿ ಒಂದು ಗಂಟೆ ಇಟ್ಟು, ಕೋಣೆಯ ಶಾಖಕ್ಕೆ ಬಂದ ಮೇಲೆ ಜೋಡಿಸಿ.

ಗುರುತಿನ ಸಂಖ್ಯೆ ಸಿಗದೆ ಶೇಕಡಾ ಮೂರು-ನಾಲ್ಕು ಮಾತ್ರ ವ್ಯತ್ಯಾಸವಿದ್ದರೆ ಎಲ್ಲರೂ ಉಂಗುರ ಅಳೆಯುವ ಮೈಕ್ರೋಸ್ಕೋಪನ್ನು ದೂರುತ್ತಾರೆ. ಬಹುತೇಕ ಸಲ ತಪ್ಪು ಅದರದ್ದಲ್ಲ, ಸ್ಫೆರೋಮೀಟರಿನದು (ಮೂರು ಕಾಲು ಮತ್ತು ನಡುವೆ ಸ್ಕ್ರೂ ಇರುವ, ಲೆನ್ಸಿನ ವಕ್ರತಾ ತ್ರಿಜ್ಯ ಅಳೆಯುವ ಉಪಕರಣ). ಲೆಕ್ಕ ನೋಡಿ. ಕಾಲುಗಳ ಅಂತರ 4 ಸೆಂ.ಮೀ., ತ್ರಿಜ್ಯ 51.7 ಸೆಂ.ಮೀ. ಆದರೆ ನಡುಗಾಲು ಏರುವುದು ಬರೀ 0.52 ಮಿ.ಮೀ. ಸ್ಫೆರೋಮೀಟರಿನ ಲೀಸ್ಟ್ ಕೌಂಟ್, ಅಂದರೆ ಅದು ಅಳೆಯಬಲ್ಲ ಅತಿ ಕಿರಿದು, 0.01 ಮಿ.ಮೀ.; ಒಂದೇ ಒಂದು ಗೆರೆ ತಪ್ಪಿದರೆ ಶೇಕಡಾ 2, ಅಂದರೆ ತರಂಗದೂರದಲ್ಲಿ 11 ನ್ಯಾನೊಮೀಟರ್ ಹೋಯಿತು. ಕಾಲುಗಳ ಅಂತರವನ್ನು ಸ್ಕೇಲಿನಿಂದ ಅಳೆದು ಅರ್ಧ ಮಿ.ಮೀ. ತಪ್ಪಿದರೆ ಇನ್ನೂ ಶೇಕಡಾ 2.5, ಏಕೆಂದರೆ ಸೂತ್ರದಲ್ಲಿ ಅದರ ವರ್ಗವಿದೆ. ಇದೇ ಲೆನ್ಸಿನ 20ನೇ ಉಂಗುರದ ವ್ಯಾಸ 4.94 ಮಿ.ಮೀ.; ಅಲ್ಲಿ 0.01 ಮಿ.ಮೀ. ತಪ್ಪಿದರೆ ಶೇಕಡಾ 0.4 ಮಾತ್ರ.

ಆದ್ದರಿಂದ ಮೂರು ಕಾಲುಗಳ ಗುರುತನ್ನು ಕಾಗದದ ಮೇಲೆ ಒತ್ತಿ, ಮೂರೂ ಬದಿಗಳನ್ನು ಟ್ರಾವೆಲಿಂಗ್ ಮೈಕ್ರೋಸ್ಕೋಪಿನಲ್ಲೇ ಅಳೆದು ಸರಾಸರಿ ತೆಗೆಯಿರಿ. ಸೊನ್ನೆಯ ರೀಡಿಂಗನ್ನು ಮೇಜಿನ ಮೇಲಲ್ಲ, ಸಮತಟ್ಟಾದ ಗಾಜಿನ ಮೇಲೆ ನೋಡಿ. ಸ್ಕ್ರೂವನ್ನು ಪ್ರತಿ ಸಲ ಕೆಳಗಿಳಿಸುತ್ತಲೇ ತಾಗಿಸಿ; ನಡುಗಾಲು ತಾಗಿದ ಕೂಡಲೇ ಇಡೀ ಉಪಕರಣ ಅದರ ಮೇಲೆ ತಿರುಗತೊಡಗುತ್ತದೆ, ಅದಕ್ಕಿಂತ ಒಂದು ಕೂದಲೆಳೆಯಷ್ಟು ಹಿಂದೆ ನಿಲ್ಲಿಸಬೇಕು. ಹೀಗೆ ಐದು ಸಲ. ಕೊನೆಗೆ ದೂರದ ವಸ್ತುವಿನ ಬಿಂಬದಿಂದ ಫೋಕಲ್ ದೂರ ಅಳೆದು 0.517ರಿಂದ ಗುಣಿಸಿ ತಾಳೆ ನೋಡಿ.

ಉಂಗುರಗಳ ರೀಡಿಂಗಿಗೆ ಗ್ರಾಫ್ ಬೇಕೇ ಬೇಕು. ಉಂಗುರದ ಸಂಖ್ಯೆಗೆ ಎದುರಾಗಿ ವ್ಯಾಸದ ವರ್ಗ ಬರೆಯಿರಿ. ಈ ಲೆನ್ಸಿಗೆ ಪ್ರತಿ ಉಂಗುರಕ್ಕೆ ಸುಮಾರು 1.22 ಚದರ ಮಿ.ಮೀ. ಏರಬೇಕು. ಗೆರೆ ನೇರವಾಗಿದ್ದು ಸೊನ್ನೆಯ ಮೂಲಕ ಹಾಯದಿದ್ದರೆ ಹೆದರಬೇಡಿ: ನಡುವೆ ಧೂಳಿನ ಕಣ ಕೂತು ಲೆನ್ಸನ್ನು ಎತ್ತಿದೆ, ಅಥವಾ ಮೈಕ್ರೋಸ್ಕೋಪಿನೊಳಗೆ ಕಾಣುವ ಗುರುತಿನ ಎಳೆ (ಕ್ರಾಸ್‌ವೈರ್) ಕೇಂದ್ರ ಬಿಟ್ಟು ಪಕ್ಕದಲ್ಲಿ ಹಾಯುತ್ತಿದೆ. ಎರಡೂ ವ್ಯಾಸದ ವರ್ಗಕ್ಕೆ ಒಂದೇ ಸ್ಥಿರ ಮೊತ್ತವನ್ನು ಕೂಡಿಸುತ್ತವೆ ಅಥವಾ ಕಳೆಯುತ್ತವೆ, ಇಳಿಜಾರು ಕೆಡುವುದಿಲ್ಲ. ಗೆರೆಯಲ್ಲಿ ಒಂದು ಕಡೆ ಮೆಟ್ಟಿಲು ಬಿದ್ದಿದ್ದರೆ ಅಲ್ಲಿ ಉಂಗುರದ ಎಣಿಕೆ ತಪ್ಪಿದೆ. ಗೆರೆ ಮೊದಲ ಉಂಗುರಗಳ ಹತ್ತಿರ ಬಾಗಿದ್ದರೆ ಬ್ಯಾಕ್‌ಲ್ಯಾಶ್, ಅಂದರೆ ದಿಕ್ಕು ಬದಲಿಸಿದಾಗ ಸ್ಕ್ರೂ ತುಸು ಹೊತ್ತು ಸುಮ್ಮನೆ ತಿರುಗುವುದು. ಎಡದ 26ನೇ ಉಂಗುರದಾಚೆಗೆ ಹೋಗಿ, ಅಲ್ಲಿಂದ ಬಲದ 24ನೇ ಉಂಗುರದವರೆಗೆ ಸ್ಕ್ರೂವನ್ನು ಒಂದೇ ದಿಕ್ಕಿಗೆ ತಿರುಗಿಸುತ್ತ ಬನ್ನಿ. ದಾಟಿಹೋದರೆ ಒಂದೆರಡು ಮಿ.ಮೀ. ಹಿಂದೆ ಹೋಗಿ ಮತ್ತೆ ಅದೇ ದಿಕ್ಕಿನಿಂದ ಬರಬೇಕು. ಉಪ್ಪುಗಾಳಿಗೆ ತುಕ್ಕು ಹಿಡಿದ ಸ್ಕ್ರೂವಿನಲ್ಲಿ ಈ ಶಿಸ್ತು ಇಲ್ಲದೆ ಕೆಲಸವೇ ಆಗದು.

ಗ್ರೇಟಿಂಗಿಗೆ ಬಂದರೆ, ಇಂಚಿಗೆ 15,000 ಗೆರೆಯದರಲ್ಲಿ ಸೋಡಿಯಂ ಮೊದಲ ಕ್ರಮದಲ್ಲಿ (ನೇರ ಕಿರಣದಿಂದ ಪಕ್ಕಕ್ಕೆ ಮೊದಲು ಸಿಗುವ ಗೆರೆ) 20° 22′, ಎರಡನೆಯದರಲ್ಲಿ 44° 7′ಗೆ ಕಾಣಬೇಕು. ಎಡ ಮತ್ತು ಬಲದ ಕೋನಗಳನ್ನು ಬೇರೆ ಬೇರೆ ಬರೆದಿಡಿ, ಕೂಡಲೇ ಸರಾಸರಿ ಮಾಡಬೇಡಿ. ಗ್ರೇಟಿಂಗ್ ಬೆಳಕಿಗೆ ಲಂಬವಾಗಿರದೆ 1° ಓರೆಯಾಗಿದ್ದರೆ ಮೊದಲ ಕ್ರಮದಲ್ಲಿ ಎಡಬಲಗಳ ನಡುವೆ 8′ ವ್ಯತ್ಯಾಸ ಬರುತ್ತದೆ, ಎರಡನೆಯದರಲ್ಲಿ ಸುಮಾರು 47′. ಓರೆ ಹುಡುಕಲು ಎರಡನೇ ಕ್ರಮವೇ ಒಳ್ಳೆಯ ಕನ್ನಡಿ. ಸರಾಸರಿ ತೆಗೆದರೆ 1° ಓರೆಯ ದೋಷ 0.1 ನ್ಯಾನೊಮೀಟರಿಗೆ ಇಳಿಯುತ್ತದೆ. 5° ಇದ್ದರೆ ಸರಾಸರಿಯಲ್ಲೂ 2.5 ಹೆಚ್ಚಾಗಿಯೇ ಉಳಿಯುತ್ತದೆ. ಆಗ ಸ್ಪೆಕ್ಟ್ರೋಮೀಟರಿನ (ಈ ಕೋನ ಅಳೆಯುವ ಉಪಕರಣ) ಟೆಲಿಸ್ಕೋಪನ್ನು ನೇರ ಕಿರಣದಿಂದ 90° ತಿರುಗಿಸಿ ಬಿಗಿದು, ಗ್ರೇಟಿಂಗಿನಿಂದ ಪ್ರತಿಫಲಿಸಿದ ಸ್ಲಿಟ್‌ನ (ಬೆಳಕು ಒಳಬರುವ ಸೀಳು) ಬಿಂಬ ಕ್ರಾಸ್‌ವೈರಿಗೆ ಬರುವಂತೆ ಗ್ರೇಟಿಂಗ್ ಕೂತ ಪುಟ್ಟ ಮೇಜನ್ನು ಹೊಂದಿಸಿ, ಅಲ್ಲಿಂದ ಮೇಜನ್ನು ಸರಿಯಾಗಿ 45° ತಿರುಗಿಸಿ ಲಂಬವಾಗಿ ನಿಲ್ಲಿಸಿ. ಎರಡೂ ವರ್ನಿಯರ್ (ಕೋನದ ವೃತ್ತದ ಎದುರುಬದುರಿನ ಕಿರು ಅಳತೆಪಟ್ಟಿಗಳು) ಓದುವುದು ಕಡ್ಡಾಯ. ವೃತ್ತದ ಕೇಂದ್ರ ತಪ್ಪಿದ್ದರೆ ಅದನ್ನು ಕಳೆಯುವುದು ಆ ಜೋಡಿ ಮಾತ್ರ. ಎರಡನೇ ಕ್ರಮದಲ್ಲಿ ಹಳದಿ ಗೆರೆ 3.4′ ಅಂತರದ ಎರಡಾಗಿ ಒಡೆದು ಕಾಣದಿದ್ದರೆ ಸ್ಲಿಟ್ ಅಗಲವಾಗಿದೆ ಅಥವಾ ಫೋಕಸ್ ಸರಿಯಿಲ್ಲ. ಟೆಲಿಸ್ಕೋಪನ್ನು ಕಿಟಕಿಯಾಚೆಯ ದೂರದ ತೆಂಗಿನ ತುದಿಗೆ ಫೋಕಸ್ ಮಾಡಿ. ಮಳೆಯಲ್ಲಿ ತೆಂಗು ಕಾಣದ ದಿನ ಪ್ರಿಸಂ ಇಟ್ಟು, ದೂರದ ವಸ್ತುವಿಲ್ಲದೆಯೇ ಫೋಕಸ್ ಹೊಂದಿಸುವ ಶೂಸ್ಟರ್ ವಿಧಾನದಿಂದ ಮಾಡಿ.

ದೀಪ ಹೊತ್ತಿಸಿದ ಕೂಡಲೇ ಅಳೆಯಬೇಡಿ. ಮೊದಲಿನ ಕೆಂಪು ಬೆಳಕು ಒಳಗಿನ ನಿಯಾನಿನದು, ಅಚ್ಚ ಹಳದಿಯಾಗಲು ಹತ್ತು ನಿಮಿಷ ಬೇಕು. ಕರೆಂಟ್ ಹೋಗಿ ಬಂದರೂ ಇದೇ ನಿಯಮ. ಸೋಡಿಯಂ ಬದಲು ಅಗ್ಗದ ಕೆಂಪು ಲೇಸರ್ ಬಳಸಿದರೆ, ಅದರ ಮೇಲೆ ಮುದ್ರಿಸಿದ 650 ಎಂಬುದು ಹತ್ತಿರದ ಅಂದಾಜು ಮಾತ್ರ. ಹೀಲಿಯಂ-ನಿಯಾನ್ ಲೇಸರಿನ 632.8 ಮಾತ್ರ ನಂಬಿ ತಾಳೆ ನೋಡಬಹುದಾದ ಸಂಖ್ಯೆ.

ಜೂನ್ ಮೊದಲೇ ಮಾಡಬೇಕಾದ ಕೆಲಸ ಒಂದಿದೆ. ಗಾಜಿನ ಮೇಲೆ ಬೂಷ್ಟು ಬೆಳೆದರೆ ಮೇಲ್ಮೈಯನ್ನೇ ಕೊರೆಯುತ್ತದೆ, ಆಮೇಲೆ ಒರೆಸಿದರೂ ಕಲೆ ಉಳಿಯುತ್ತದೆ. ಲೆನ್ಸ್, ಪ್ರಿಸಂಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ; ಚರ್ಮದ ಪೆಟ್ಟಿಗೆ ಬೇಡ, ಅದೇ ಬೂಷ್ಟಿನ ಮನೆ. ನೀಲಿ ಜೆಲ್ ಗುಲಾಬಿಯಾದಾಗ ಪ್ರಯೋಗಾಲಯದ ಓವನ್‌ನಲ್ಲಿ 120 ಡಿಗ್ರಿಯಲ್ಲಿ ಒಣಗಿಸಿ. ಆ ನೀಲಿ ಕೋಬಾಲ್ಟ್ ಕ್ಲೋರೈಡಿನದು, ಅಡುಗೆಯ ಬಾಣಲೆಗೆ ಅದು ಬೀಳಬಾರದು. ಗ್ರೇಟಿಂಗಿಗೆ ಮಾತ್ರ ಬಟ್ಟೆಯನ್ನಾಗಲಿ ಸ್ಪಿರಿಟನ್ನಾಗಲಿ ತಾಗಿಸಬೇಡಿ. ರಬ್ಬರ್ ಬಲ್ಬಿನಿಂದ ಗಾಳಿ ಊದಿದರೆ ಸಾಕು, ಹಿಡಿಯುವಾಗ ಅಂಚನ್ನಷ್ಟೇ ಹಿಡಿಯಿರಿ.