ಗಾಚಾ ಕಟ್ಟುವಾಗ ನಾವು ಮೊದಲು ಬರೆದದ್ದು ಮುನ್ನೂರು ರೂಪಾಯಿ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕೂತು ನಾನೂ ನನ್ನ ಗೆಳೆಯನೂ ಮೊಬೈಲಿಗೆ ಹಕ್ಕಿಗಳ ಕಾರ್ಡ್ ಆಟ ಮಾಡುತ್ತಿದ್ದೇವೆ. ಉಣಕಲ್ ಕೆರೆಯ ಬೆಳ್ಳಕ್ಕಿ, ಬಂಕಾಪುರದ ನವಿಲು ಸುಲಭಕ್ಕೆ ಸಿಗುವ ಕಾರ್ಡುಗಳು. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತು ಅಪರೂಪದ್ದು. ಆಟ ಪುಕ್ಕಟೆ. ರೊಕ್ಕ ಬರಬೇಕಾದದ್ದು ಗಾಚಾದಿಂದ: ಚೀಟಿ ಕೊಂಡು ಪೊಟ್ಟಣ ಒಡೆಯಬೇಕು, ಒಳಗೆ ಯಾವ ಹಕ್ಕಿ ಇದೆಯೋ ಅದು ನಸೀಬು.

ಇಂಥ ಆಟ ಮಾಡುವವರು ಸಾಮಾನ್ಯವಾಗಿ ಮೊದಲು ಅಪರೂಪದ ಕಾರ್ಡ್ ಸಿಗುವ ಸಂಭವದ ಶೇಕಡಾವಾರು ಅಂಕಿ ಇಟ್ಟುಕೊಳ್ಳುತ್ತಾರೆ. ನಾವು ಹಾಗೆ ಮಾಡದಿರಲು ಕಾರಣ ಹಾಸ್ಟೆಲ್ ಹುಡುಗರು. ಪ್ರಯೋಗಕ್ಕೆಂದು ಶೇಕಡಾ 1 ಎಂದು ಬರೆದು, ಪುಕ್ಕಟೆ ಚೀಟಿ ಕೊಟ್ಟು ಆಡಿಸಿದಾಗ ಒಬ್ಬ ಕೇಳಿದ, "ಅಣ್ಣಾ, ಎಷ್ಟ ಒಡದ್ರ ಹೆಬ್ಬಾತು ಗ್ಯಾರಂಟಿ ಸಿಗತೈತಿ?" ಪಕ್ಕದವನೇ ಉತ್ತರ ಕೊಟ್ಟ: "ನೂರಕ್ಕ ಒಂದ್ ಅಂತ ಬರದಾರಲ್ಲೋ, ನೂರ ಒಡದ್ರ ಬಂದ ಬರತೈತಿ."

ಬರುವುದಿಲ್ಲ. ಶೇಕಡಾ 1ರ ಗಾಚಾದಲ್ಲಿ ನೂರು ಜನ ತಲಾ ನೂರು ಪೊಟ್ಟಣ ಒಡೆದರೆ ಸುಮಾರು 63 ಜನಕ್ಕೆ ಸಿಗುತ್ತದೆ, 37 ಜನ ಬರಿಗೈಯಲ್ಲಿ ಏಳುತ್ತಾರೆ. ಪ್ರತಿ ಪೊಟ್ಟಣವೂ ಹೊಸದು. ಹಿಂದಿನ ತೊಂಬತ್ತೊಂಬತ್ತು ಖಾಲಿ ಹೋದದ್ದು ಅದಕ್ಕೆ ಗೊತ್ತಿರುವುದಿಲ್ಲ. ಆಪಲ್ 2017ರಿಂದ, ಗೂಗಲ್ ಪ್ಲೇ 2019ರಿಂದ ಇಂಥ ಪೊಟ್ಟಣಗಳ ಸಂಭವನೀಯತೆ ಪ್ರಕಟಿಸಬೇಕೆಂದು ಹೇಳುತ್ತಿವೆ. ಒಳ್ಳೆಯದೇ. ಆದರೆ ಆ ಅಂಕಿ ಓದಿದ ಹುಡುಗನಿಗೆ ತನ್ನ ಜೇಬಿನಿಂದ ಎಷ್ಟು ಹೋದೀತು ಎಂಬುದು ತಿಳಿಯುವುದಿಲ್ಲ.

ಹಾಗಾಗಿ ತುದಿಯಿಂದ ಲೆಕ್ಕ ಶುರುಮಾಡಿದೆವು. ಒಂದು ಹೆಬ್ಬಾತಿಗೆ ಒಬ್ಬನಿಂದ ಹೆಚ್ಚೆಂದರೆ ಎಷ್ಟು ತೆಗೆದುಕೊಳ್ಳಬಹುದು? 300 ರೂಪಾಯಿ ಎಂದು ಬರೆದುಕೊಂಡೆವು, ಹೆಚ್ಚುಕಡಿಮೆ ಒಂದು ತಿಂಗಳ ಮೊಬೈಲ್ ರೀಚಾರ್ಜಿನಷ್ಟು. ಒಂದು ಚಿತ್ರಕ್ಕೆ ಅದಕ್ಕಿಂತ ಹೆಚ್ಚು ಕೇಳಲು ನನ್ನ ಮನಸ್ಸು ಒಪ್ಪಲಿಲ್ಲ. ಪೊಟ್ಟಣಕ್ಕೆ 5 ರೂಪಾಯಿ. ಅಂದರೆ 60ನೆಯ ಪೊಟ್ಟಣದಲ್ಲಿ ಹಕ್ಕಿ ಸಿಗಲೇಬೇಕು. ಶೇಕಡಾವಾರು ಅಂಕಿ ಕೊನೆಗೆ ಬಂತು. 2 ಎಂದಿಟ್ಟು, ಕಂಪ್ಯೂಟರಿನಲ್ಲಿ ಒಂದು ಲಕ್ಷ ಕಾಲ್ಪನಿಕ ಆಟಗಾರರನ್ನು ಓಡಿಸಿ ನೋಡಿದೆ. ಸರಾಸರಿ 35 ಪೊಟ್ಟಣ, ಅಂದರೆ 175 ರೂಪಾಯಿ. ನೂರರಲ್ಲಿ ಮೂವತ್ತು ಜನ ಮಾತ್ರ ಅರವತ್ತರವರೆಗೂ ಹೋಗುತ್ತಾರೆ. ಈ ಮಿತಿಯೇ ಇಲ್ಲದಿದ್ದರೆ ಸಾವಿರದಲ್ಲಿ ಹದಿನೇಳೋ ಹದಿನೆಂಟೋ ಜನ ಇನ್ನೂರು ಪೊಟ್ಟಣ ಒಡೆದ ಮೇಲೂ ಕಾಯುತ್ತಿರುತ್ತಾರೆ. ದೊಡ್ಡ ಗಳಿಕೆ ಬರುವುದು ಇಂಥವರಿಂದಲೇ, ಅದು ನನಗೆ ಬೇಡವಾಗಿತ್ತು.

ಮಿತಿ ಇಡುವುದು ಹೊಸದೇನಲ್ಲ. ಗೆನ್ಶಿನ್ ಇಂಪ್ಯಾಕ್ಟ್ ಎಂಬ ಆಟದಲ್ಲಿ ಅಪರೂಪದ ಪಂಚತಾರಾ ಪಾತ್ರದ ಸಂಭವ ಶೇಕಡಾ 0.6, ಮಿತಿ 90 ಸಲ. ಆದರೆ ಸಿಕ್ಕ ಪಾತ್ರ ನೀವು ಬಯಸಿದ್ದೇ ಆಗಿರಬೇಕೆಂದಿಲ್ಲ. ಖಚಿತ ಬೇಕೆಂದರೆ 180ರವರೆಗೆ ಲೆಕ್ಕ ಹಾಕಬೇಕು. ಅಲ್ಲಿ ರೊಕ್ಕದ ಬದಲು ನಡೆಯುವ ರತ್ನಗಳ ಲೆಕ್ಕ ಇನ್ನೂ ಸೂಕ್ಷ್ಮ. ಒಂದು ಸಲ ಎಳೆಯಲು, ಅಂದರೆ ನಸೀಬು ನೋಡಲು, 160 ರತ್ನ ಬೇಕು. ಮಾರುವ ಕಟ್ಟುಗಳಲ್ಲಿ ಒಂದು ಬೋನಸ್ ಸೇರಿ 1090 ರತ್ನಕ್ಕೆ ಸಾಕಾಗುವ ಹರಳಿನದು. ಆರು ಸಲ ಎಳೆದರೆ 130 ಉಳಿಯುತ್ತದೆ, ಏಳನೆಯದಕ್ಕೆ 30 ಕಡಿಮೆ. ಉಳಿದದ್ದು ಹಾಳಾಗಬಾರದೆಂದು ಕೈ ಮತ್ತೆ ಕಟ್ಟಿನ ಕಡೆಗೇ ಹೋಗುತ್ತದೆ. ನಾವು ರತ್ನವನ್ನೇ ಇಡಲಿಲ್ಲ. ಒಂದು ಚೀಟಿಗೆ ಒಂದು ಪೊಟ್ಟಣ. ಹತ್ತು ಚೀಟಿಗೆ 50, ಇಪ್ಪತ್ತಕ್ಕೆ 100. ಗುಂಡಿಯ ಕೆಳಗೆ "ಹೆಬ್ಬಾತು ಸಿಗಲು ಹೆಚ್ಚೆಂದರೆ ಇನ್ನು 23 ಪೊಟ್ಟಣ, 115 ರೂಪಾಯಿ" ಎಂಬಂಥ ಸಾಲು ಸದಾ ಇರುತ್ತದೆ.

ಈ ಸಾಲು ಸುಳ್ಳಾಗಬಾರದೆಂದರೆ ಒಡೆದ ಪೊಟ್ಟಣಗಳ ಎಣಿಕೆ ಫೋನಿನಲ್ಲಿ ಇರಬಾರದು. ಹಕ್ಕಿ ಯಾವುದೆಂದು ನಿರ್ಧರಿಸುವುದು ಸರ್ವರ್. ಚೀಟಿ ಕಳೆಯುವುದು, ಎಣಿಕೆ ಏರಿಸುವುದು, ಕಾರ್ಡ್ ಕೊಡುವುದು ಮೂರೂ ಒಂದೇ ವ್ಯವಹಾರವಾಗಿ ಡೇಟಾಬೇಸಿಗೆ ಇಳಿಯುತ್ತವೆ. ಆಗುವುದಾದರೆ ಮೂರೂ ಆಗಬೇಕು, ಇಲ್ಲದಿದ್ದರೆ ಯಾವುದೂ ಆಗಬಾರದು. ಗದಗಿನ ರೈಲಿನಲ್ಲಿ ಕೂತವನಿಗೆ ನಡುವೆ ನೆಟ್ ಹೋದರೆ ಅವನು ಗುಂಡಿಯನ್ನು ಮತ್ತೆ ಒತ್ತುತ್ತಾನೆ. ಪ್ರತಿ ಒತ್ತಿಗೂ ಫೋನು ಒಂದು ಗುರುತು ಸಂಖ್ಯೆ ಕಳಿಸುತ್ತದೆ, ಉತ್ತರ ಸಿಗುವವರೆಗೆ ಅದೇ ಸಂಖ್ಯೆ ಹೋಗುತ್ತದೆ. ಸರ್ವರ್ ಅದನ್ನು ಮೊದಲೇ ಕಂಡಿದ್ದರೆ ಹಳೆಯ ಫಲಿತಾಂಶವನ್ನೇ ತೋರಿಸುತ್ತದೆ, ಎರಡನೆಯ ಚೀಟಿ ಹೋಗುವುದಿಲ್ಲ. ಗಾಚಾದಲ್ಲಿ ನಾನು ಅತಿ ಹೆಚ್ಚು ಸಮಯ ಕೊಟ್ಟದ್ದು ಇದಕ್ಕೆ. ಐದೇ ರೂಪಾಯಿ ಇರಬಹುದು, ಅದು ಇನ್ನೊಬ್ಬರ ರೊಕ್ಕ.

ಆರು ಹಕ್ಕಿ ಕೂಡಿಸಿದರೆ ಏಳನೆಯದು ಬಹುಮಾನ ಎಂಬ ಸಲಹೆಯೂ ಬಂದಿತ್ತು. ಜಪಾನಿನಲ್ಲಿ ಇದಕ್ಕೆ ಕೊಂಪು ಗಾಚಾ ಎನ್ನುತ್ತಾರೆ. 2012ರಲ್ಲಿ ಅಲ್ಲಿನ ಗ್ರಾಹಕ ವ್ಯವಹಾರಗಳ ಸಂಸ್ಥೆ ಅದು ಕಾನೂನುಬಾಹಿರ ಎಂದಿತು. ಲೆಕ್ಕ ಹಾಕಿದರೆ ಕಾರಣ ಕಾಣುತ್ತದೆ. ಆರೂ ಸಮನಾಗಿ ಸಿಗುವಂತಿದ್ದರೂ ಎಲ್ಲ ಕೂಡಲು ಸರಾಸರಿ 15ರ ಹತ್ತಿರ ಪೊಟ್ಟಣ ಬೇಕು, ಕೊನೆಯದೊಂದಕ್ಕೇ ಆರು. ಐದು ಕೈಗೆ ಬಂದವನು ಎದ್ದು ಹೋಗುವುದಿಲ್ಲ. ಅದನ್ನು ಕೈಬಿಟ್ಟೆವು. ನಮ್ಮ ದೇಶದಲ್ಲೂ ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ. ಕಾರ್ಡನ್ನು ಮಾರಿ ರೊಕ್ಕ ಮಾಡಿಕೊಳ್ಳುವ ದಾರಿ ನಮ್ಮಲ್ಲಿ ಇಲ್ಲ.

ಗೆಳೆಯನಿಗೂ ನನಗೂ ಜಗಳವಾದದ್ದು ಒಂದೇ ವಿಷಯಕ್ಕೆ. ಮಳೆಗಾಲದ ಹಕ್ಕಿಗಳು ಆಟಕ್ಕೆ ಬಂದಾಗ ಹಳೆಯ ಎಣಿಕೆ ಸೊನ್ನೆಯಾಗಲಿ ಎಂದ: "ಗೂಗಲ್ ಶೇಕಡಾ 15 ಹಿಡಕೊಂತದ, ಐವತ್ತಕ್ಕ ನಲವತ್ತೆರಡೂವರಿ ಉಳಿತದ. ಸರ್ವರ್ ಬಾಡಿಗಿ ಯಾರ ಕೊಡಾವ್ರು?" ಅವನ ಮಾತಿನಲ್ಲಿ ನ್ಯಾಯವಿತ್ತು. ಆದರೂ 40 ಪೊಟ್ಟಣ ಒಡೆದವನಿಗೆ ಉಳಿದ ಇಪ್ಪತ್ತು ಮಾತ್ರ ಬಾಕಿ ಎಂದು ನಾವೇ ಪರದೆಯ ಮೇಲೆ ಬರೆದಿದ್ದೇವೆ. ಎಣಿಕೆ ಮುಂದಿನ ಋತುವಿಗೂ ಹೋಗುತ್ತದೆ. ಸರ್ವರಿನ ಖರ್ಚಿಗೆ ಆಟದ ಹಿನ್ನೆಲೆ ಚಿತ್ರಗಳನ್ನು ನೇರ ಬೆಲೆಗೆ ಮಾರುತ್ತಿದ್ದೇವೆ, ಅದರಲ್ಲಿ ನಸೀಬಿಗೆ ಜಾಗವಿಲ್ಲ.