ಮುಖ್ಯ ರಿಲೇ ನಿಂತರೂ ನಿಲ್ಲದ ಬಳಗ: ನನ್ನ ಅನುಭವ

ನಮ್ಮ ಬಳಗದ ಮುಖ್ಯ ರಿಲೇಯನ್ನು (ಬರಹಗಳನ್ನು ಇಟ್ಟುಕೊಂಡು ಹಂಚುವ ಸರ್ವರ್ ಅನ್ನು) ಹೋಸ್ಟಿಂಗ್ ಕಂಪನಿಯೊಂದು ಮುನ್ಸೂಚನೆ ನೀಡದೆ ನಿಲ್ಲಿಸಿದಾಗ, ಸುಮಾರು 600 ಸದಸ್ಯರಲ್ಲಿ ಬಹುಪಾಲು ಮಂದಿಗೆ ಆ ಸಂಗತಿ ಗೊತ್ತಾದದ್ದು ನಾನು ತಿಳಿಸಿದ ಮೇಲೆಯೇ. ಅಲ್ಲಿಯವರೆಗೂ ಅವರು ಎಂದಿನಂತೆ ಬರೆಯುತ್ತಿದ್ದರು, ಓದುತ್ತಿದ್ದರು, ಜಗಳವನ್ನೂ ಆಡುತ್ತಿದ್ದರು. ಕೀಗಳನ್ನು (ಖಾತೆಯ ರಹಸ್ಯ ಸಂಕೇತಗಳನ್ನು) ತಾವೇ ಕಾಪಾಡಿಕೊಳ್ಳಬೇಕಾದ ನಾಸ್ಟರ್‌ನಂಥ ಜಾಲಕ್ಕೆ ಸಾಮಾನ್ಯ ಬಳಕೆದಾರರನ್ನು ಕರೆತಂದರೆ ವರ್ಷ ತುಂಬುವುದರೊಳಗೆ ಅರ್ಧದಷ್ಟು ಮಂದಿ ಹೊರಗುಳಿಯುತ್ತಾರೆ ಎಂದು ನಕ್ಕಿದ್ದ ಅನುಭವಿ ಅಡ್ಮಿನ್‌ಗಳೇ ಈಗ ನಮ್ಮ ಸೆಟ್ಟಿಂಗ್‌ಗಳನ್ನು ಕೇಳಿ ಪಡೆಯುತ್ತಿರುವುದರಿಂದ ಇದನ್ನು ಬರೆದಿಡುತ್ತಿದ್ದೇನೆ.

ಮೊದಲು ನಾವು ನಡೆಸುತ್ತಿದ್ದದ್ದು ಒಂದು ಮಾಸ್ಟೊಡಾನ್ ಸರ್ವರ್; ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಬೆಸೆದುಕೊಂಡ ಸಾಮಾಜಿಕ ಜಾಲ ಅದು. ದುಡಿಯುವ ಜಾಗದ ಅನ್ಯಾಯಗಳನ್ನು ಹಂಚಿಕೊಳ್ಳುವ ಬಳಗವಾದ್ದರಿಂದ ಒತ್ತಡ ಬಂದೇ ಬರುತ್ತದೆ ಎಂದು ಗೊತ್ತಿತ್ತು. ಆದರೆ ಅದು ಸರ್ಕಾರದಿಂದಲೋ ನ್ಯಾಯಾಲಯದಿಂದಲೋ ಬರಬಹುದೆಂದು ಕಾದಿದ್ದೆವೇ ಹೊರತು, ಖರ್ಚು ಭರಿಸುವವರಿಂದಲೇ ಬರುತ್ತದೆಂದು ಯಾರೂ ಊಹಿಸಿರಲಿಲ್ಲ. ಬೇರೆ ಸರ್ವರ್‌ಗಳಿಂದ ಹರಿದುಬರುವ ಚಿತ್ರ ಮತ್ತು ವಿಡಿಯೊಗಳ ಕ್ಯಾಶೆಯೇ (ನಮ್ಮಲ್ಲಿ ಉಳಿಯುವ ತಾತ್ಕಾಲಿಕ ಪ್ರತಿಗಳೇ) ತಿಂಗಳ ಬಿಲ್ಲಿನ ಮೂರನೇ ಎರಡು ಭಾಗವನ್ನು ನುಂಗುತ್ತಿತ್ತು. ಒಟ್ಟು ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಒಬ್ಬರೇ ದಾನಿ ಕೊಡುತ್ತಿದ್ದರು. ಅವರಿಗೆ ಬೇಕಾದವರ ಸಂಸ್ಥೆಯೊಂದರ ಬಗ್ಗೆ ನಾಲ್ಕೈದು ಬರಹಗಳು ಬಂದಾಗ, ಅವನ್ನು ‘ಸದ್ಯಕ್ಕೆ’ ಮರೆಮಾಡಬಹುದೇ ಎಂದು ಬಹಳ ಸೌಜನ್ಯದಿಂದ ಕೇಳಿದರು. ನಾವು ಒಪ್ಪಲಿಲ್ಲ. ಮುಂದಿನ ತಿಂಗಳಿಂದ ಹಣ ನಿಂತಿತು. ಒಂದು ನೋಟಿಸ್ ಇಲ್ಲ, ಒಂದು ಗದರಿಕೆಯಿಲ್ಲ. ಮೂರ್ನಾಲ್ಕು ತಿಂಗಳಲ್ಲಿ ಸರ್ವರ್ ಮುಚ್ಚುವ ಸ್ಥಿತಿ ತಾನಾಗಿಯೇ ಬಂತು.

ಹೊರಡಲು ಹೊರಟಾಗ ನಿಜವಾದ ಕಷ್ಟ ಕಾಣಿಸಿತು. ಮಾಸ್ಟೊಡಾನ್‌ನಲ್ಲಿ ಖಾತೆಯನ್ನು ಬೇರೆಡೆಗೆ ಸಾಗಿಸಿದರೆ ಫಾಲೋವರ್‌ಗಳು ಜೊತೆಗೆ ಬರುತ್ತಾರೆ, ಹಳೆಯ ಬರಹಗಳು ಬರುವುದಿಲ್ಲ. ಅಷ್ಟಕ್ಕೂ ಸಾಗಿಸುವಾಗ ಹಳೆಯ ಸರ್ವರ್ ಜೀವಂತವಾಗಿರಬೇಕು. ಇಡೀ ಗುರುತು ಡೊಮೈನ್‌ಗೆ ಅಂಟಿಕೊಂಡಿರುವುದರಿಂದ, ಡೊಮೈನ್ ಯಾರ ಕೈಯಲ್ಲಿದೆಯೋ ಅವರೇ ಕೊನೆಯ ಯಜಮಾನರು. 2024ರ ಫೆಬ್ರುವರಿಯಲ್ಲಿ ಕ್ವೀರ್ ಡಾಟ್ ಎಎಫ್ ಎಂಬ ಮಾಸ್ಟೊಡಾನ್ ಸರ್ವರ್‌ನ ಡೊಮೈನನ್ನು, ಡಾಟ್ ಎಎಫ್ ಅಫ್ಘಾನಿಸ್ತಾನದ ದೇಶ ಡೊಮೈನ್ ಆದ್ದರಿಂದ, ಅಲ್ಲಿನ ತಾಲಿಬಾನ್ ಆಡಳಿತ ಅಮಾನತುಗೊಳಿಸಿದ್ದು ನಿಮಗೆ ನೆನಪಿರಬಹುದು. ಯಂತ್ರವನ್ನು ಯಾರೂ ಮುಟ್ಟಲಿಲ್ಲ, ವಿಳಾಸ ಮಾತ್ರ ಇಲ್ಲವಾಯಿತು.

ಟೋಕನ್ (ಡಿಜಿಟಲ್ ನಾಣ್ಯ) ಹೆಚ್ಚಿದ್ದಷ್ಟೂ ಹೆಚ್ಚು ಮತವಿರುವ ಜಾಲಕ್ಕೆ ಹೋಗೋಣ ಎಂದು ಕೆಲವರು ಪಟ್ಟು ಹಿಡಿದಾಗ ನಾನು ಸ್ಟೀಮ್ ಎಂಬ ಅಂಥದ್ದೇ ಜಾಲದ ಪ್ರಕರಣವನ್ನು ಮುಂದಿಟ್ಟೆ. 2020ರ ಫೆಬ್ರುವರಿಯಲ್ಲಿ ಟ್ರಾನ್ ಎಂಬ ಕ್ರಿಪ್ಟೊ ಜಾಲದ ಸ್ಥಾಪಕ ಜಸ್ಟಿನ್ ಸನ್ ಸ್ಟೀಮ್‌ನ ಹಿಂದಿದ್ದ ಸ್ಟೀಮಿಟ್ ಕಂಪನಿಯನ್ನು ಕೊಂಡಾಗ ಅದರ ಬಳಿಯಿದ್ದ ಭಾರಿ ಟೋಕನ್ ರಾಶಿಯೂ ಅವರ ಪಾಲಾಯಿತು. ಆ ರಾಶಿ ಮತದಾನಕ್ಕೆ ಬಳಕೆಯಾಗದಂತೆ ವಿಟ್ನೆಸ್‌ಗಳು (ಮತದಿಂದ ಆಯ್ಕೆಯಾಗಿ ಜಾಲ ನಡೆಸುವವರು) ಸಾಫ್ಟ್ ಫೋರ್ಕ್ ಮಾಡಿ, ಅಂದರೆ ಜಾಲದ ನಿಯಮ ಬಿಗಿಗೊಳಿಸಿ, ತಡೆದರು. ಮಾರ್ಚ್ ಆರಂಭದಲ್ಲಿ ಕೆಲವು ವಿನಿಮಯ ಕೇಂದ್ರಗಳು ಗ್ರಾಹಕರು ಇಟ್ಟಿದ್ದ ಟೋಕನ್‌ಗಳನ್ನೇ ಸ್ಟೇಕ್ ಮಾಡಿ (ಜಾಲದಲ್ಲಿ ಒತ್ತೆಯಿಟ್ಟು) ಮತ ಹಾಕಿದ್ದರಿಂದ ಮೇಲಿನ 20 ವಿಟ್ನೆಸ್ ಸ್ಥಾನಗಳು ಕೈಬದಲಾದವು. ಅದೇ ಮಾರ್ಚ್ 20ರಂದು ಸಮುದಾಯದ ದೊಡ್ಡ ಭಾಗ ಹೈವ್ ಎಂಬ ಹೊಸ ಫೋರ್ಕ್‌ಗೆ (ಸ್ಟೀಮ್‌ನಿಂದಲೇ ಕವಲೊಡೆದ ಜಾಲಕ್ಕೆ) ಹೊರಟುಹೋಯಿತು. ಸೋತವರು ಬರಿಗೈಯಲ್ಲಿ ಹೋಗಲಿಲ್ಲ ಎಂಬುದು ನನ್ನ ಕಣ್ಣಿಗೆ ಬಿದ್ದ ಮುಖ್ಯ ಸಂಗತಿ: ಕೀ, ಹಳೆಯ ಬರಹ, ಪರಸ್ಪರ ಸಂಬಂಧಗಳೆಲ್ಲ ಜೊತೆಯಲ್ಲೇ ಹೋದವು. ಬಲಾಢ್ಯರು ಒಳಗೆ ಬಾರದಂತೆ ತಡೆಯುವುದು ನಮ್ಮಂಥವರ ಕೈಯಲ್ಲಿ ಆಗದ ಕೆಲಸ. ಅವರು ಬಂದ ಮೇಲೆ ಉಳಿದವರು ಸುಲಭವಾಗಿ ಎದ್ದು ಹೋಗುವಂತೆ ಮಾಡಿದರೆ ಅವರ ಬಲಕ್ಕೆ ಬೆಲೆಯೇ ಇರುವುದಿಲ್ಲ ಎಂಬುದು ನನ್ನ ವಾದವಾಗಿತ್ತು.

ಹಾಗಾಗಿ ನಾಸ್ಟರ್‌ಗೆ ಬಂದೆವು. ಕೀಯಿಂದ ಸಹಿ ಹಾಕಿದ ಈವೆಂಟ್ (ಬರಹ ಅಥವಾ ಮಾಹಿತಿಯ ಒಂದು ತುಣುಕು) ಯಾವ ರಿಲೇಯಲ್ಲಿದ್ದರೂ ಅದೇ ಈವೆಂಟ್. ರಿಲೇ ಅದನ್ನು ಬಿಸಾಡಬಹುದು, ತಿದ್ದಲಾರದು. ನಮ್ಮದೇ ಮೂರು ರಿಲೇಗಳನ್ನು ಮೂವರು ಬೇರೆ ಬೇರೆ ಸದಸ್ಯರ ಹೆಸರಿನಲ್ಲಿ, ಮೂರು ಬೇರೆ ಕಂಪನಿಗಳಲ್ಲಿ, ಮೂರು ಬೇರೆ ಡೊಮೈನ್‌ಗಳಲ್ಲಿ ನಿಲ್ಲಿಸಿ, ಸ್ಟ್ರ್‌ಫ್ರೈ ಎಂಬ ರಿಲೇ ತಂತ್ರಾಂಶದ ನೆಜೆಂಟ್ರೊಪಿ ಸಿಂಕ್ (ಕೊರತೆಯಿರುವುದನ್ನಷ್ಟೇ ಗುರುತಿಸಿ ತರುವ ವಿಧಾನ) ಮೂಲಕ ಗಂಟೆಗೊಮ್ಮೆ ಒಂದನ್ನೊಂದು ಸರಿದೂಗಿಸುವಂತೆ ಮಾಡಿದೆವು. ಕಾಗದದ ಮೇಲೆ ಇದು ಅಚ್ಚುಕಟ್ಟಾಗಿತ್ತು.

ಯಾರಿಗೂ ಹೇಳದೆ ಮುಖ್ಯ ರಿಲೇಯನ್ನು ನಾನೇ ನಿಲ್ಲಿಸಿ ನೋಡಿದ ಮೊದಲ ತಾಲೀಮಿನಲ್ಲಿ ಸುಮಾರು ಮೂರನೇ ಎರಡರಷ್ಟು ಸದಸ್ಯರು ಕಾಣೆಯಾದರು. ಅವರವರ ರಿಲೇ ಪಟ್ಟಿಯನ್ನು ಹೇಳುವ 10002ನೇ ಬಗೆಯ ಈವೆಂಟ್ ಇದ್ದದ್ದು ನಿಲ್ಲಿಸಿದ ಆ ರಿಲೇಯಲ್ಲಿ ಮಾತ್ರ! ಕ್ಲೈಂಟ್‌ಗಳಿಗೆ (ಸದಸ್ಯರು ಬಳಸುವ ಆ್ಯಪ್‌ಗಳಿಗೆ) ಎಲ್ಲಿ ಹುಡುಕಬೇಕೆಂದು ಹೇಳುವವರೇ ಇರಲಿಲ್ಲ. ಈಗ ಆ ಒಂದು ಈವೆಂಟನ್ನು ನಮಗೆ ಸಂಬಂಧವೇ ಇಲ್ಲದ ಐದಾರು ದೊಡ್ಡ ಸಾರ್ವಜನಿಕ ರಿಲೇಗಳಿಗೂ ವಾರಕ್ಕೊಮ್ಮೆ ಮತ್ತೆ ಕಳುಹಿಸುತ್ತೇವೆ. ಬರಹಗಳಿಗೆ ಮೂರು ಪ್ರತಿ ಸಾಕು, ವಿಳಾಸ ಹೇಳುವ ಈವೆಂಟಿಗೆ ಹತ್ತು ಇದ್ದರೂ ಹೆಚ್ಚಲ್ಲ.

ಎರಡನೆಯ ಸೋಲು ಇನ್ನೂ ದುಬಾರಿಯಾಗಿತ್ತು. ಬೇರೆ ಬೇರೆ ಎಂದು ನಂಬಿ ಹಣ ಕಟ್ಟಿದ್ದ ಎರಡು ಹೋಸ್ಟಿಂಗ್ ಕಂಪನಿಗಳು ಒಂದೇ ದೊಡ್ಡ ಕಂಪನಿಯಿಂದ ಯಂತ್ರಗಳನ್ನು ಬಾಡಿಗೆಗೆ ಪಡೆದು ಮರುಮಾರಾಟ ಮಾಡುತ್ತಿದ್ದವು. ಒಂದು ದೂರು ಮೇಲಕ್ಕೆ ಹೋದ ಕೂಡಲೇ ಎರಡೂ ಒಟ್ಟಿಗೆ ನಿಂತವು. ವರ್ಷದ ಬಾಡಿಗೆಯನ್ನು ಮುಂಗಡವಾಗಿ ಕಟ್ಟಿದ್ದೆವು, ಅದರಲ್ಲಿ ಕಾಲುಭಾಗವೂ ಮರಳಲಿಲ್ಲ. ಅಂದಿನಿಂದ ಕಂಪನಿಯ ಹೆಸರನ್ನು ನಂಬದೆ ಐಪಿ ವಿಳಾಸದ ಎಎಸ್ ಸಂಖ್ಯೆಯನ್ನು (ಆ ವಿಳಾಸ ಯಾರ ಜಾಲಕ್ಕೆ ಸೇರಿದ್ದೆಂದು ಹೇಳುವ ಸಂಖ್ಯೆಯನ್ನು) ನೋಡುತ್ತೇನೆ, ಮುಂಗಡವಾಗಿ ಒಂದು ತಿಂಗಳಿಗಿಂತ ಹೆಚ್ಚು ಕಟ್ಟುವುದಿಲ್ಲ, ಹಾಗೂ ಡೊಮೈನ್ ರಿಜಿಸ್ಟ್ರಾರ್‌ಗಳು ಮತ್ತು ಪಾವತಿಗೆ ಬಳಸುವ ಕಾರ್ಡ್‌ಗಳು ಸಹ ಬೇರೆ ಬೇರೆಯವರದ್ದಾಗಿವೆಯೇ ಎಂದು ಖಚಿತಪಡಿಸಿಕೊಳ್ಳುತ್ತೇನೆ.

ಕೀಗಳ ವಿಷಯದಲ್ಲಿ ಅಡ್ಮಿನ್ ಮಿತ್ರರ ಭಯ ಪೂರ್ತಿ ಸುಳ್ಳಾಗಿರಲಿಲ್ಲ. ನಾಸ್ಟರ್‌ನಲ್ಲಿ ಕಳೆದ ಕೀ ಕಳೆದಂತೆಯೇ, ಬದಲಿಸಿಕೊಡುವ ಕಚೇರಿಯಿಲ್ಲ. ಮೊದಲ ವರ್ಷ ನೂರಕ್ಕೆ ಹತ್ತು ಹನ್ನೆರಡು ಮಂದಿ ಕಳೆದುಕೊಂಡರು, ಈಗ ಅದು ಒಂದೆರಡಕ್ಕೆ ಇಳಿದಿದೆ. ಪಾಸ್‌ವರ್ಡ್‌ನಿಂದ ಎನ್‌ಕ್ರಿಪ್ಟ್ ಮಾಡಿದ ಕೀಯನ್ನು ಸದಸ್ಯರೇ ಕಾಗದದ ಮೇಲೆ ಮುದ್ರಿಸಿಕೊಂಡು, ಸೇರಿದ ಮೊದಲ ವಾರದಲ್ಲೇ ಬೇರೊಂದು ಫೋನಿನಲ್ಲಿ ಅದರಿಂದ ಲಾಗಿನ್ ಆಗಿ ತೋರಿಸಬೇಕೆಂದು ನಿಯಮ ಮಾಡಿದೆವು. ತೋರಿಸದವರ ಬರಹವನ್ನು ನಮ್ಮ ರಿಲೇ ಸ್ವೀಕರಿಸುವುದಿಲ್ಲ. ಕಠಿಣವೆನಿಸಿತು, ಆದರೆ ಫಲ ಕೊಟ್ಟದ್ದು ಇದೇ.

ಹಣದ ನಿಯಮಗಳನ್ನೂ ಬದಲಿಸಿದೆವು. ಯಾರೊಬ್ಬರೂ ಒಟ್ಟು ವೆಚ್ಚದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಕೊಡುವಂತಿಲ್ಲ. ಹೊಸದಾಗಿ ಟೋಕನ್ ಸ್ಟೇಕ್ ಮಾಡಿದವರ ಮತ 30 ದಿನಗಳ ನಂತರವಷ್ಟೇ ಆಡಳಿತದಲ್ಲಿ ಎಣಿಕೆಯಾಗುವಂತೆ ಹೈವ್ ಮಾಡಿಕೊಂಡ ಏರ್ಪಾಟನ್ನು ನೋಡಿ, ನಮ್ಮಲ್ಲೂ ಹೊಸ ಸದಸ್ಯರಿಗೆ ಅಷ್ಟೇ ಕಾಲ ಮತವಿಲ್ಲದಂತೆ ಮಾಡಿದೆವು. ನಡುವೆ ಕೊಟ್ಟ ಹಣದ ವರ್ಗಮೂಲದಷ್ಟು ಮತ ಎಂಬ ಪ್ರಯೋಗವನ್ನೂ ಮಾಡಿ ನೋಡಿದೆ; ಒಬ್ಬರೇ ಏಳೆಂಟು ಹೆಸರುಗಳಲ್ಲಿ ಹಣವನ್ನು ಒಡೆದು ಕೊಟ್ಟು ಮತಗಳನ್ನು ಗುಡ್ಡೆ ಹಾಕಿದ್ದು ಬಯಲಾದಾಗ ಅದನ್ನು ಕೈಬಿಟ್ಟೆ. ಮಾಧ್ಯಮ ಕ್ಯಾಶೆಯ ಹೊರೆ ಇಲ್ಲವಾದ್ದರಿಂದ ಮೂರು ರಿಲೇಗಳ ಒಟ್ಟು ಬಾಡಿಗೆ ಹಳೆಯ ಒಂದು ಸರ್ವರ್‌ನ ಕಾಲುಭಾಗದಷ್ಟಿದೆ. ಚಿತ್ರಗಳು ಬ್ಲಾಸಮ್ ಎಂಬ ಕಡತ ಸಂಗ್ರಹ ಸರ್ವರ್‌ಗಳಲ್ಲಿ ಹ್ಯಾಶ್‌ನ (ಕಡತದಿಂದಲೇ ಲೆಕ್ಕ ಹಾಕುವ ಗುರುತಿನ) ಹೆಸರಿನಲ್ಲಿ ಇರುವುದರಿಂದ, ಒಂದು ಸರ್ವರ್ ಹೋದರೆ ಪ್ರತಿಯಿರುವ ಇನ್ನೊಂದರಿಂದ ಅದೇ ಹ್ಯಾಶ್‌ನಿಂದ ತರಬಹುದು.

ಸರ್ವರ್ ಎಲ್ಲಿದೆ ಎಂಬುದನ್ನು ಮರೆಮಾಡುವ ಟಾರ್ ಜಾಲದ ಆನಿಯನ್ ವಿಳಾಸಗಳ ಮೇಲೆ ನಾನು ಇಟ್ಟಿದ್ದ ಭರವಸೆ ಮಾತ್ರ ಫಲಿಸಲಿಲ್ಲ. ಫೋನಿನಿಂದ ಬರುವವರಲ್ಲಿ ಬೆರಳೆಣಿಕೆಯಷ್ಟು ಮಂದಿಯೂ ಅದನ್ನು ಬಳಸಲಿಲ್ಲ. ಈಗ ರಿಲೇಗಳ ನಡುವಿನ ಸಿಂಕ್‌ಗೆ ಮಾತ್ರ ಉಳಿಸಿಕೊಂಡಿದ್ದೇನೆ, ಆ ಕೆಲಸಕ್ಕೆ ಅದರ ನಿಧಾನಗತಿ ಅಡ್ಡಿಯಾಗುವುದಿಲ್ಲ.

ಬರಹಗಳನ್ನು ತೆಗೆಯುವುದೇ ಇಲ್ಲವೇ ಎಂದು ಕೇಳುವವರಿದ್ದಾರೆ. ತೆಗೆಯುತ್ತೇವೆ. ಸ್ಪ್ಯಾಮ್ ಮತ್ತು ಬೇರೊಬ್ಬರ ಖಾಸಗಿ ವಿವರಗಳನ್ನು ಬಯಲು ಮಾಡುವ ಬರಹಗಳು ನಮ್ಮ ರಿಲೇಯಲ್ಲಿ ಉಳಿಯುವುದಿಲ್ಲ. ಆದರೆ ತೆಗೆದ ಪ್ರತಿಯೊಂದು ಈವೆಂಟಿನ ಐಡಿ, ಕಾರಣ ಮತ್ತು ತೆಗೆಯಲು ಹೇಳಿದವರು ಯಾರು ಎಂಬುದನ್ನು ಸಹಿ ಹಾಕಿ ಪ್ರಕಟಿಸುತ್ತೇವೆ. ಹೀಗೆ ಪ್ರಕಟವಾಗುತ್ತದೆಂದು ತಿಳಿದ ಮೇಲೆ ಸೌಜನ್ಯದ ವಿನಂತಿಗಳು ಬರುವುದು ಬಹುತೇಕ ನಿಂತೇಹೋಯಿತು.

ಇಡೀ ದತ್ತಾಂಶದ ಪೂರ್ಣ ಪ್ರತಿಗಳು ಎಷ್ಟು ಜನರ ಬಳಿ ಇವೆ, ನಾಲ್ಕನೆಯ ರಿಲೇಯನ್ನು ಹೇಗೆ ಎಬ್ಬಿಸುತ್ತೇವೆ, ಅಪರೂಪಕ್ಕೆ ಆ್ಯಪ್ ತೆರೆಯುವವರಿಗೆ ಹೊಸ ವಿಳಾಸ ಹೇಗೆ ತಲುಪುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಪಳಗಿದವರು ಊಹಿಸಬಲ್ಲರು.

ಸದ್ಯ ನನ್ನನ್ನು ಕಾಡುತ್ತಿರುವುದು ಆ್ಯಪ್ ಸ್ಟೋರ್‌ಗಳು. 2023ರ ಫೆಬ್ರುವರಿಯಲ್ಲಿ ಡಾಮಸ್ ಎಂಬ ನಾಸ್ಟರ್ ಕ್ಲೈಂಟನ್ನು ಚೀನಾದ ಆ್ಯಪ್ ಸ್ಟೋರ್‌ನಿಂದ ತೆಗೆದಾಗ ರಿಲೇಗಳೆಲ್ಲ ಚೆನ್ನಾಗಿಯೇ ಇದ್ದವು, ಹೊಸಬರಿಗೆ ಬಾಗಿಲು ಮಾತ್ರ ಮುಚ್ಚಿತ್ತು. ಅದಕ್ಕಾಗಿ ಬ್ರೌಸರ್‌ನಲ್ಲೇ ನಡೆಯುವ ಸಣ್ಣ ಕ್ಲೈಂಟ್ ಒಂದನ್ನು, ಯಾವ ಸರ್ವರ್‌ನಲ್ಲಾದರೂ ಇಡಬಹುದಾದ ಬರೀ ಸ್ಥಿರ ಕಡತಗಳ ರೂಪದಲ್ಲಿ ಸಿದ್ಧಪಡಿಸುತ್ತಿದ್ದೇವೆ. ಬರೆಯುವುದು ಮತ್ತು ಓದುವುದು ಈಗಾಗಲೇ ಸರಿಯಾಗಿದೆ, ಚಿತ್ರ ಏರಿಸುವುದು ಇನ್ನೂ ಆಗಿಲ್ಲ.