ಲೇಕ್ ಟ್ರಾವಿಸ್ ನೀರು ಇಳಿದಾಗ ಬೋಟನ್ನು ಟ್ರೇಲರ್‌ಗೆ ಹತ್ತಿಸುವುದು: ಟೆಕ್ಸಸ್‌ನಲ್ಲಿರುವ ನಮ್ಮ ಕಡೆಯವರಿಗೆ

ಆಲಮಟ್ಟಿ 519.60 ಮೀಟರ್ ಮುಟ್ಟಲು ಇನ್ನೆಷ್ಟು ಬೇಕು, ಒಳಹರಿವು ಎಷ್ಟು ಕ್ಯುಸೆಕ್ ಎಂದು ದಿನಾ ಪೇಪರಿನಲ್ಲಿ ನೋಡುತ್ತ ಬೆಳೆದ ಬಾಗಲಕೋಟೆ, ವಿಜಯಪುರದವರಿಗೆ, ಹಿಡಕಲ್ ಡ್ಯಾಮಿನ 2175 ಅಡಿ ಬಾಯಿಪಾಠವಿರುವ ಬೆಳಗಾವಿಯವರಿಗೆ ಟೆಕ್ಸಸ್‌ನ ನೀರಿನ ಲೆಕ್ಕ ಹೊಸದೇನಲ್ಲ. ಇಲ್ಲಿಯೂ ಸಮುದ್ರಮಟ್ಟದಿಂದ ಇಷ್ಟು ಅಡಿ ಎಂದೇ ಹೇಳುತ್ತಾರೆ. ಆಸ್ಟಿನ್ ಪಕ್ಕದ ಲೇಕ್ ಟ್ರಾವಿಸ್ ತುಂಬಿದರೆ 681 ಅಡಿ. 1951ರಲ್ಲಿ ಅದು 614 ಅಡಿಗೆ ಇಳಿದಿತ್ತು, 1991ರಲ್ಲಿ 710 ದಾಟಿತ್ತು. ನಮ್ಮ ಹಿನ್ನೀರು ಮುಂಗಾರಿಗೆ ಏರಿ ಬೇಸಿಗೆಗೆ ಇಳಿಯುತ್ತದೆ; ಟ್ರಾವಿಸ್‌ಗೆ ಅಂಥ ವಾಡಿಕೆ ಇಲ್ಲ. ಒಂದೇ ದೊಡ್ಡ ಮಳೆಗೆ ಹತ್ತಾರು ಅಡಿ ಏರಬಹುದು, ಮಳೆ ಕೈಕೊಟ್ಟರೆ ವರ್ಷಗಟ್ಟಲೆ ಕೆಳಗೇ ಇರಬಹುದು.

ಬೋಟ್ ತೆಗೆದುಕೊಂಡು ಹೋಗುವವರು ಕೆರೆಯ ಮಟ್ಟ ನೋಡಿ ಸುಮ್ಮನಾಗುತ್ತಾರೆ. ಅಷ್ಟು ಸಾಲದು. ನೀರಿಗೆ ಇಳಿಯುವ ಕಾಂಕ್ರೀಟ್ ರ‍್ಯಾಂಪ್ ಎಲ್ಲಿಗೆ ಮುಗಿಯುತ್ತದೆ ಅನ್ನುವುದು ಅದಕ್ಕಿಂತ ಮುಖ್ಯ. ಟ್ರಾವಿಸ್‌ನ ಅಣೆಕಟ್ಟನ್ನೂ ನೀರನ್ನೂ ನೋಡಿಕೊಳ್ಳುವುದು ಲೋವರ್ ಕೊಲೊರಾಡೊ ರಿವರ್ ಅಥಾರಿಟಿ. ದಡದ ಪಾರ್ಕುಗಳಲ್ಲಿ ಕೆಲವು ಅವರವು, ಬಹಳಷ್ಟು ಟ್ರಾವಿಸ್ ಕೌಂಟಿಯವು. ಯಾವ ರ‍್ಯಾಂಪ್ ತೆರೆದಿದೆ, ಯಾವುದು ಬಂದ್ ಎಂಬ ಪಟ್ಟಿ ಅವರ ವೆಬ್‌ಸೈಟಿನಲ್ಲಿ ಸಿಗುತ್ತದೆ. ರ‍್ಯಾಂಪಿನ ಕೆಳತುದಿ ಎಷ್ಟು ಅಡಿಯಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಪಾರ್ಕ್ ಕಚೇರಿಗೆ ಫೋನ್ ಮಾಡಿ ಕೇಳಿ.

ಆಮೇಲಿನದು ಸರಳ ಲೆಕ್ಕ. ಇವತ್ತಿನ ಮಟ್ಟ 643 ಅಡಿ, ರ‍್ಯಾಂಪಿನ ತುದಿ 640 ಅಡಿ ಅಂದುಕೊಳ್ಳಿ. ತುದಿಯ ಮೇಲೆ 3 ಅಡಿ ನೀರಿದೆ. ಇಳಿಜಾರು ಸಾಮಾನ್ಯವಾಗಿ ನೂರು ಅಡಿಗೆ 12ರಿಂದ 15 ಅಡಿ. 14 ಎಂದು ಹಿಡಿದರೆ ನೀರಿನ ಅಂಚಿನಿಂದ ಕಾಂಕ್ರೀಟ್ ಇರುವುದು ಸುಮಾರು 21 ಅಡಿ ಮಾತ್ರ. 18 ಅಡಿಯ ಬೋಟ್ ತೇಲಿ ಬಂದು ಕೂರಬೇಕಾದರೆ ಟ್ರೇಲರ್ ಗಾಲಿ ಎರಡೂವರೆ ಅಡಿ ನೀರಿನಲ್ಲಿರಬೇಕು, ಅಂದರೆ ಅಂಚಿನಿಂದ 18 ಅಡಿ ಒಳಗೆ. ಉಳಿದದ್ದು ಮೂರೇ ಅಡಿ. ತುದಿಯ ಮೇಲೆ 3 ಅಡಿಗಿಂತ ಕಡಿಮೆ ನೀರಿದ್ದರೆ ಆ ರ‍್ಯಾಂಪಿಗೆ ಹೋಗಲೇಬೇಡಿ. ಬೋಟ್ ಹೇಗೋ ಜಾರಿ ನೀರಿಗೆ ಇಳಿದೀತು, ಆದರೆ ಇಳಿದದ್ದೆಲ್ಲ ಅಲ್ಲೇ ಹತ್ತುತ್ತದೆ ಎಂದೇನಿಲ್ಲ. ಹತ್ತಿಸುವುದಕ್ಕೆ ಆಳ ಜಾಸ್ತಿ ಬೇಕು.

ಲೆಕ್ಕ ಸರಿ ಇದ್ದರೂ ಮೊದಲು ಕಾಲ್ನಡಿಗೆಯಲ್ಲಿ ಹೋಗಿ ಉದ್ದ ಕೋಲಿನಿಂದ ತಳ ಮುಟ್ಟಿ ನೋಡಿ. ಕಾಂಕ್ರೀಟ್ ಮೇಲೆ ಪಾಚಿ ಇರುತ್ತದೆ, ಹಿಡಿತವಿರುವ ಬೂಟು ಹಾಕಿಕೊಳ್ಳಿ. ತುದಿಗೆ ಬಂದಾಗ ಕೋಲು ಇದ್ದಕ್ಕಿದ್ದಂತೆ ಕೆಳಗಿಳಿದರೆ ಅಲ್ಲಿ ಗುಂಡಿ ಬಿದ್ದಿದೆ. ಎಂಜಿನ್ ಜೋರು ಮಾಡಿ ಬೋಟನ್ನು ಟ್ರೇಲರ್ ಮೇಲೆ ನುಗ್ಗಿಸುವವರಿಂದ ಆದ ಗುಂಡಿ ಅದು. ಪ್ರೊಪೆಲ್ಲರ್ ಚಿಮ್ಮಿಸುವ ನೀರು ತುದಿಯ ಕೆಳಗಿನ ಮಣ್ಣು, ಕಲ್ಲನ್ನು ಕೊರೆದು ಹಿಂದಕ್ಕೆ ದಿಬ್ಬವಾಗಿ ಒಟ್ಟುತ್ತದೆ. ನೀರು ತುಂಬಿದ್ದಾಗ ಯಾರಿಗೂ ತೊಂದರೆಯಿಲ್ಲ. ನೀರು ಇಳಿದಾಗ ಗುಂಡಿಗೆ ಟ್ರೇಲರ್ ಗಾಲಿ, ದಿಬ್ಬಕ್ಕೆ ಪ್ರೊಪೆಲ್ಲರ್. ಎಷ್ಟೋ ಕಡೆ ಹೀಗೆ ಹತ್ತಿಸುವುದನ್ನು ನಿಷೇಧಿಸಿ ಬೋರ್ಡು ಹಾಕಿದ್ದಾರೆ. ಬೋರ್ಡು ಇಲ್ಲದ ಕಡೆಯೂ ದಯವಿಟ್ಟು ಮಾಡಬೇಡಿ, ಮುಂದೆ ಬರುವವರ ಆಕ್ಸಲ್ ಮುರಿಯುವುದು ಅದರಿಂದಲೇ.

ಮನೆಯಲ್ಲೇ ಟೇಪ್ ಹಿಡಿದು ಟ್ರೇಲರ್ ಗಾಲಿಯಿಂದ ಗಾಡಿಯ ಹಿಂದಿನ ಗಾಲಿವರೆಗೆ ಅಳೆದು ಬರೆದಿಟ್ಟುಕೊಳ್ಳಿ. ಅದು 19 ಅಡಿ ಇದ್ದರೆ, ಮೇಲಿನ ಲೆಕ್ಕದ ಪ್ರಕಾರ ಗಾಡಿಯ ಹಿಂದಿನ ಗಾಲಿ ನೀರಿನ ಅಂಚಿಗೆ ಒಂದಡಿ ಇರುವಾಗಲೇ ನಿಲ್ಲಬೇಕು. ಆ ಜಾಗದಲ್ಲಿ ರ‍್ಯಾಂಪಿನ ಪಕ್ಕ ಒಂದು ಕಲ್ಲು ಇಡಿ. ನೀರಿನೊಳಗಿನ ತುದಿ ಕಾಣುವುದಿಲ್ಲ, ಕಲ್ಲು ಕಾಣುತ್ತದೆ.

ಊರಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಿಸಿದವರಿಗೆ ಒಂದು ಮಾತು. ನಾಲ್ಕು ಗಾಲಿಯ ಟ್ರೇಲರಿಗೆ ಮುಂದಿನ ಆಕ್ಸಲ್ಲೂ ತಿರುಗುತ್ತದೆ, ಬೋಟ್ ಟ್ರೇಲರ್ ತಿರುಗುವುದು ಗಾಡಿಗೆ ಸಿಕ್ಕಿಸುವ ಕೊಂಡಿಯಲ್ಲಿ, ಅಂದರೆ ಹಿಚ್‌ನಲ್ಲಿ ಮಾತ್ರ. ಆ ಕೈ ಅಭ್ಯಾಸ ಇಲ್ಲಿ ಎಡವಿಸುತ್ತದೆ. ಸ್ಟೀರಿಂಗಿನ ಕೆಳಭಾಗ ಹಿಡಿಯಿರಿ. ಟ್ರೇಲರ್ ಯಾವ ಕಡೆ ಹೋಗಬೇಕೋ ಕೈ ಆ ಕಡೆ ಸರಿಯಲಿ. ಊರಿಂದ ಬಂದ ಕಾಕಾನೋ ಮಾಮಾನೋ ಹಿಂದೆ ನಿಂತು ದಾರಿ ಹೇಳುವುದಾದರೆ ಎಡ-ಬಲ ಬೇಡ, ‘ಡ್ರೈವರ್ ಕಡೆ’, ‘ಕ್ಲೀನರ್ ಕಡೆ’ ಎನ್ನಲಿ. ಆದರೆ ಇಲ್ಲಿ ಡ್ರೈವರ್ ಕೂರುವುದು ಎಡಕ್ಕೆ, ಅದನ್ನು ಮೊದಲೇ ಹೇಳಿಡಿ. ಟ್ರೇಲರಿಗೂ ಗಾಡಿಗೂ ನಡುವೆ ಯಾರೂ ನಿಲ್ಲಬಾರದು.

ಬೋಟ್ ಕೂರುವ ಕಾರ್ಪೆಟ್ ಹೊದಿಸಿದ ಉದ್ದ ಹಲಗೆಗಳಿಗೆ ಬಂಕ್ ಎನ್ನುತ್ತಾರೆ. ಒಣ ಬಂಕ್ ಮೇಲೆ ಬೋಟ್ ಜಾರುವುದಿಲ್ಲ. ಒಮ್ಮೆ ಕಲ್ಲಿನ ಗುರುತಿನವರೆಗೆ ಹೋಗಿ ಬಂಕ್ ನೆನೆಸಿ, ಆಮೇಲೆ ಮುಂದಿನ ಮೂರನೇ ಒಂದು ಭಾಗ ನೀರಿನ ಮೇಲೆ ಕಾಣುವಷ್ಟು ಮುಂದಕ್ಕೆ ತನ್ನಿ. ಹ್ಯಾಂಡ್‌ಬ್ರೇಕ್ ಎಳೆದು ಗಾಡಿಯ ಗಾಲಿಗೆ ಅಡೆ ಕೊಡಿ. ಬೋಟನ್ನು ಎಂಜಿನ್ನಿನ ಬಲದಿಂದಲ್ಲ, ಹಗ್ಗ ಹಿಡಿದು ತನ್ನಿ. ಎಂಜಿನ್ ಬಳಸಲೇಬೇಕಾದರೆ ಸ್ವಲ್ಪ ಮೇಲಕ್ಕೆತ್ತಿ, ಆದರೆ ತಂಪು ನೀರು ಎಳೆಯುವ ರಂಧ್ರ ಮುಳುಗಿರಲಿ, ಇಲ್ಲವಾದರೆ ಎಂಜಿನ್ ಕಾಯುತ್ತದೆ. ಕೊನೆಯ ಮೂರ‍್ನಾಲ್ಕು ಅಡಿ ವಿಂಚ್ (ಟ್ರೇಲರ್ ಮುಂದಿರುವ, ಪಟ್ಟಿ ಸುತ್ತುವ ಕೈರಾಟೆ) ತಿರುಗಿಸಿಯೇ ಎಳೆಯಿರಿ, ಆ ಪಟ್ಟಿಯ ನೇರಕ್ಕೆ ನಿಲ್ಲಬೇಡಿ. ನೀರು ಸಾಲದು ಎಂದು ಟ್ರೇಲರನ್ನು ಇನ್ನೂ ಆಳಕ್ಕೆ ಇಳಿಸಿದರೆ ಹಿಂಭಾಗ ತೇಲಿ ಅತ್ತಿತ್ತ ಸರಿಯುತ್ತದೆ, ಮೇಲೆ ಎಳೆದಾಗ ಬೋಟ್ ಓರೆಯಾಗಿ ಕೂತಿರುತ್ತದೆ.

ಇಷ್ಟಾದರೂ ಗಾಲಿ ತುದಿ ದಾಟಿ ಬಿದ್ದರೆ ಆಕ್ಸಿಲರೇಟರ್ ಒತ್ತಬೇಡಿ. ಆಕ್ಸಲ್ ಕಾಂಕ್ರೀಟ್ ಅಂಚಿಗೆ ಸಿಕ್ಕಿರುತ್ತದೆ. ಜಗ್ಗಿದರೆ ಅದು ಬಾಗುತ್ತದೆ ಇಲ್ಲವೇ ಟೈರ್ ಸೀಳುತ್ತದೆ. ಮೊದಲು ವಿಂಚ್ ಪಟ್ಟಿ ಬಿಚ್ಚಿ ಬೋಟನ್ನು ಮತ್ತೆ ನೀರಿಗೆ ತೇಲಿಸಿ ದೂರ ಕಟ್ಟಿ. ಖಾಲಿ ಟ್ರೇಲರನ್ನು ಮೂರು-ನಾಲ್ಕು ಜನ ಚೌಕಟ್ಟು ಹಿಡಿದು ಎತ್ತಿದರೆ, ಗಾಡಿ ನಿಧಾನಕ್ಕೆ ಒಂದಡಿ ಸರಿದರೂ ಗಾಲಿ ಮೇಲೆ ಬರುತ್ತದೆ. ಆಗದಿದ್ದರೆ ಗಾಲಿಯ ಮುಂದೆ ದಪ್ಪ ಹಲಗೆ ತುರುಕಿ. ಗಾಡಿಯಲ್ಲಿ ಎರಡು ಹಲಗೆ ಯಾವಾಗಲೂ ಇರಲಿ.

ಕಾಂಕ್ರೀಟ್ ಬಿಟ್ಟು ಬರೀ ಮಣ್ಣಿನ ದಡದಿಂದ ಇಳಿಸುವ ಆಸೆ ಬೇಡ. ಮೇಲ್ಪದರ ಒಣಗಿ ಬಿರುಕು ಬಿಟ್ಟಿರುತ್ತದೆ, ಅಡಿಗೆ ರಾಡಿ. ನಮ್ಮ ಎರೆಭೂಮಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೇಲೆ ಬಂದ ಮೇಲೆ ರ‍್ಯಾಂಪ್ ಬಿಟ್ಟು ಪಕ್ಕಕ್ಕೆ ನಿಲ್ಲಿಸಿ ಬೋಟಿನ ತಳದ ಬೂಚು ತೆಗೆಯಿರಿ. ಟೆಕ್ಸಸ್‌ನಲ್ಲಿ ಇದು ಕಾನೂನು: ಕೆರೆ, ಹೊಳೆ ಬಿಡುವಾಗ ಬೋಟಿನಲ್ಲೂ ಮೀನಿನ ತೊಟ್ಟಿಯಲ್ಲೂ ನೀರು ಉಳಿಸುವಂತಿಲ್ಲ. ಜೀಬ್ರಾ ಮಸೆಲ್ ಎಂಬ ಸಣ್ಣ ಚಿಪ್ಪುಜೀವಿ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗದಿರಲಿ ಎಂದು. ಟ್ರಾವಿಸ್‌ನಲ್ಲಿ ಅದು 2017ರಲ್ಲೇ ಸಿಕ್ಕಿದೆ. ಅದನ್ನು ಸಾಗಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 500 ಡಾಲರ್‌ವರೆಗೆ ದಂಡ. 1993ರ ಸೆಪ್ಟೆಂಬರ್ 1 ಅಥವಾ ಆಮೇಲೆ ಹುಟ್ಟಿದವರು 15 ಅಶ್ವಶಕ್ತಿಗಿಂತ ದೊಡ್ಡ ಎಂಜಿನ್ನಿನ ಬೋಟ್ ಓಡಿಸಲು ಬೋಟರ್ ಎಜುಕೇಶನ್ ಕೋರ್ಸ್ ಮುಗಿಸಿರಬೇಕು. ಬೋಟಿನ ನೋಂದಣಿ ಬೇರೆ, ಟ್ರೇಲರಿನ ನಂಬರ್ ಪ್ಲೇಟ್ ಬೇರೆ. ಹೆದ್ದಾರಿ ಹಿಡಿಯುವ ಮುನ್ನ ಮುಂದಿನ ಸರಪಳಿ, ಹಿಂಭಾಗದ ಎರಡು ಪಟ್ಟಿ ಬಿಗಿದು, ದೀಪದ ವೈರ್ ಚುಚ್ಚಿ ಇಂಡಿಕೇಟರ್ ಉರಿಯುತ್ತಿದೆಯೇ ನೋಡಿ. ನೀರಿನಲ್ಲಿ ಮುಳುಗಿ ಬಂದ ದೀಪಗಳೇ ಮೊದಲು ಕೈಕೊಡುವುದು.